ಪೂರ್ವಪಕ್ಷ

ಹೊಳೆಯ ದಂಡೆಯ ಮೇಲೆ ಅವಧಾನಿಗಳ ಪಾಠಶಾಲೆ. ಬೆಳಗ್ಗೆ ವೇದ, ಸಂಜೆ ತರ್ಕ. ನಡುವಿನ ಹೊತ್ತು ಹುಡುಗರೆಲ್ಲ ಊರಿನ ಹೈಸ್ಕೂಲಿಗೆ ಹೋಗಿಬರಬೇಕು. ಆ ಕಟ್ಟಳೆ ಮಾಡಿದವರೂ ಅವಧಾನಿಗಳೇ.

ಒಂದು ದಿನ ಪದ್ಮನಾಭ ಮಧ್ಯಾಹ್ನಕ್ಕೇ ವಾಪಸ್ ಬಂದ. ಅವನ ಹಿಂದೆ ಉಳಿದ ಹುಡುಗರೂ ಬಂದರು.

ಅವಧಾನಿಗಳು ಜಗಲಿಯಲ್ಲಿ ಕೂತು ದರ್ಭೆ ಕಟ್ಟುತ್ತಿದ್ದರು. “ಶಾಲೆ ಬೇಗ ಬಿಟ್ಟರೋ?”

“ಇಲ್ಲ ಗುರುಗಳೇ. ನಾವೇ ಎದ್ದು ಬಂದೆವು.”

“ಯಾಕೆ?”

“ನಸೀಮಾ ಮೇಡಂ ವಿಕಾಸವಾದದ ಪಾಠ ಶುರು ಮಾಡಿದರು. ಮನುಷ್ಯ ಮಂಗನಿಂದ ಹುಟ್ಟಿದ ಅನ್ನುವ ಪಾಠ. ನಾನು ಎದ್ದು ನಿಂತು ಹೇಳಿದೆ, ನಿಮ್ಮ ಹಿರಿಯರು ಮಂಗಗಳಾಗಿರಬಹುದು, ನಾವು ಋಷಿಗಳ ಸಂತಾನ ಅಂತ.”

ಹಿಂದಿದ್ದ ಹುಡುಗರು ಕಿಸಕ್ಕನೆ ನಕ್ಕರು. ತರಗತಿಯಲ್ಲೂ ಹೀಗೇ ನಗು ಎದ್ದಿತ್ತು. ಬೋರ್ಡಿನ ಕಡೆ ತಿರುಗಿದ್ದ ಮೇಡಂ ಹಾಗೆಯೇ ನಿಂತುಬಿಟ್ಟಿದ್ದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ದಾರಿಯುದ್ದಕ್ಕೂ ಆ ಬೆನ್ನು ಪದ್ಮನಾಭನ ಕಣ್ಣಿಗೆ ಕಟ್ಟಿಕೊಂಡಿತ್ತು. ಅದನ್ನು ಅವನು ಗುರುಗಳಿಗೆ ಹೇಳಲಿಲ್ಲ.

“ಮಂಗನಿಂದ ಹುಟ್ಟಿದ ಅಂತ ಅವರು ಹೇಳಿದರೋ?”

“ಪಾಠದಲ್ಲಿ ಇರುವುದೇ ಅದು. ಎಲ್ಲರಿಗೂ ಗೊತ್ತು.”

“ನೀನು ಕೇಳಿದೆಯೋ?”

“ಕೇಳುವುದೇ ಪಾಪ ಅಂತ ಎದ್ದು ಬಂದೆ.”

ಅವಧಾನಿಗಳು ದರ್ಭೆಯ ಗಂಟು ಬಿಗಿದರು.

ಸಂಜೆ ಊರಿನ ಚಂದ್ರಮೌಳಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಪಾಠಶಾಲೆಗೆ ಅಕ್ಕಿ ಬರುತ್ತಿದ್ದದ್ದು ಅವನ ಮಿಲ್ಲಿನಿಂದ. ಬಂದವನೇ ಪದ್ಮನಾಭನ ಬೆನ್ನು ತಟ್ಟಿದ.

“ಗಂಡು ಅಂದರೆ ಇವನು. ಸ್ವಾಮೀ, ಭಾನುವಾರ ನಿಮ್ಮ ಅಂಗಳದಲ್ಲೇ ಸಭೆ ಇಟ್ಟುಕೊಳ್ಳೋಣ. ಎಲ್ಲರ ಮುಂದೆ ಈ ಹುಡುಗ ಆ ಪಾಠವನ್ನು ಖಂಡಿಸಿ ಬಿಸಾಡಲಿ. ಆಮೇಲೆ ಆ ಹೆಂಗಸನ್ನು ಈ ಊರಿನಿಂದ ಎತ್ತಂಗಡಿ ಮಾಡಿಸೋದು ನನ್ನ ಕೆಲಸ.”

ಗುರುಗಳು ಬೇಡ ಅನ್ನುತ್ತಾರೆ ಎಂದುಕೊಂಡಿದ್ದ ಪದ್ಮನಾಭ. ಅವರು ತಲೆಯಾಡಿಸಿದರು.

“ಆಗಲಿ. ಆದರೆ ಖಂಡನೆ ನಮ್ಮ ಪದ್ಧತಿಯಲ್ಲೇ ನಡೆಯಬೇಕು. ಪದ್ಮನಾಭಾ, ತರ್ಕದಲ್ಲಿ ಖಂಡನೆಗೆ ಮೊದಲು ಏನು?”

“ಪೂರ್ವಪಕ್ಷ.”

“ಹಾಗಂದರೆ?”

“ಎದುರಿನವರ ವಾದವನ್ನು ಮೊದಲು ನಾವೇ ಪೂರ್ತಿ ಹೇಳುವುದು.”

“ಹೇಗೆ ಹೇಳುವುದು?”

“ಎದುರಿನವರೇ ಕೇಳಿ, ಹೌದು, ಇದೇ ನನ್ನ ಮಾತು ಅನ್ನುವ ಹಾಗೆ.”

ಹೇಳುತ್ತಿದ್ದಂತೆಯೇ ಅವನಿಗೆ ಅರ್ಥವಾಯಿತು. “ಗುರುಗಳೇ, ಆ ಪಾಠ ನನಗೆ ಗೊತ್ತಿಲ್ಲ.”

“ಹೋಗಿ ಕಲಿ.”

“ಯಾರ ಹತ್ತಿರ?”

“ಹೇಳಿಕೊಡುವವರ ಹತ್ತಿರ. ಕಲಿತು ಬರುವ ತನಕ ಇಲ್ಲಿ ನಿನಗೆ ಪಾಠವಿಲ್ಲ.”

ಮರುದಿನ ಬೆಳಗ್ಗೆ ಹುಡುಗರು ವೇದಕ್ಕೆ ಸಾಲಾಗಿ ಕೂತರು. ಪದ್ಮನಾಭ ತನ್ನ ಜಾಗದಲ್ಲಿ ಕೂರಲು ಹೋದ. ಅವಧಾನಿಗಳು ಪಾಠ ಶುರು ಮಾಡದೆ ಅವನನ್ನೇ ನೋಡುತ್ತ ಕುಳಿತರು. ಅವನು ಎದ್ದು ಹೊರಗೆ ನಡೆದ.

ನಸೀಮಾ ಮೇಡಂ ಮನೆ ಸಂತೆಬೀದಿಯ ಕೊನೆಯಲ್ಲಿತ್ತು. ಮುಂಬಾಗಿಲು ಹಾಕಿತ್ತು. ಪಕ್ಕದ ಕಿಟಕಿಯ ಗಾಜು ಒಡೆದಿತ್ತು. ಅವನು ಬಾಗಿಲು ತಟ್ಟಿದ. ಒಳಗೆ ಸದ್ದಿಲ್ಲ. ಮತ್ತೆ ತಟ್ಟಿದ.

“ಯಾರು?”

“ನಾನು ಮೇಡಂ. ಪದ್ಮನಾಭ.”

ಬಾಗಿಲು ಒಂದು ಗೇಣು ತೆರೆಯಿತು. ಅವರ ಕಣ್ಣು ಮೊದಲು ಅವನ ಕೈ ನೋಡಿತು. ಆಮೇಲೆ ಬೀದಿ ನೋಡಿತು. “ಜೊತೆಗೆ ಯಾರು ಬಂದಿದ್ದಾರೆ?”

“ಯಾರೂ ಇಲ್ಲ.”

“ಏನು ಬೇಕು?”

“ಆ ಪಾಠ ಬೇಕು.”

“ಯಾಕೆ?”

ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ. “ಭಾನುವಾರ ಸಭೆಯಲ್ಲಿ ಖಂಡಿಸುವುದಕ್ಕೆ.”

ಬಾಗಿಲು ಮುಖಕ್ಕೆ ಬಡಿಯುತ್ತದೆ ಎಂದು ಅವನು ಕಾದು ನಿಂತ. ಮೇಡಂ ಅದನ್ನು ಪೂರ್ತಿ ತೆರೆದರು.

“ಒಳಗೆ ಬಾ. ಕೆಳಗೆ ಗಾಜಿದೆ. ನೋಡಿಕೊಂಡು ಕಾಲಿಡು.”

ಅವನು ಕೂತ. ಮೇಡಂ ಕೂರಲಿಲ್ಲ. ನಿಂತೇ ಶುರು ಮಾಡಿದರು.

“ಮನುಷ್ಯ ಮಂಗನಿಂದ ಹುಟ್ಟಿದ ಅಂತ ನಾನು ಹೇಳಲಿಲ್ಲ. ಯಾವ ಪಾಠದಲ್ಲೂ ಹಾಗಿಲ್ಲ. ನೀನೂ ನಿನ್ನ ಚಿಕ್ಕಪ್ಪನ ಮಗನೂ ಇದ್ದೀರಲ್ಲ, ಅವನು ನಿನ್ನಿಂದ ಹುಟ್ಟಿದನೇನು?”

“ಇಲ್ಲ. ನಮ್ಮಿಬ್ಬರಿಗೂ ತಾತ ಒಬ್ಬರೇ.”

“ಅಷ್ಟೇ ನಾನು ಹೇಳಹೊರಟಿದ್ದು. ಮನುಷ್ಯನಿಗೂ ಮಂಗನಿಗೂ ತಾತ ಒಬ್ಬನೇ, ಆ ತಾತ ಕೋಟ್ಯಂತರ ವರ್ಷಗಳಷ್ಟು ಹಿಂದಿದ್ದಾನೆ.”

ಅವನು ಪ್ರಶ್ನೆ ಹಾಕಿದ. ಅವರು ಉತ್ತರ ಕೊಟ್ಟರು. ಅವನು ಆ ಉತ್ತರಕ್ಕೆ ಅಡ್ಡಗಾಲು ಹಾಕಿದ, ಅವರು ಮೂಳೆಗಳ ಚಿತ್ರ ತೆಗೆದು ತೋರಿಸಿದರು. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮನುಷ್ಯನ ಕೈ. ಒಳಗಿನ ಮೂಳೆಗಳ ಜೋಡಣೆ ಮೂರರಲ್ಲೂ ಒಂದೇ. ಪದ್ಮನಾಭ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

“ಹಾಗಾದರೆ ಮೊಟ್ಟಮೊದಲ ಜೀವ ಎಲ್ಲಿಂದ ಬಂತು?” ಎಂದು ಗಟ್ಟಿಯಾಗಿ ಕೇಳಿದ.

“ಗೊತ್ತಿಲ್ಲ. ಇನ್ನೂ ಹುಡುಕುತ್ತಿದ್ದಾರೆ.”

ಆ ಉತ್ತರವನ್ನು ಅವನು ನಿರೀಕ್ಷಿಸಿರಲಿಲ್ಲ.

ಹೊರಡುವಾಗ ಮೇಡಂ ಹೇಳಿದರು: “ನಾನು ಇದನ್ನು ಓದುತ್ತೇನೆ ಅಂದಾಗ ನಮ್ಮ ಅಬ್ಬಾ ಊಟ ಬಿಟ್ಟು ಎದ್ದು ಹೋಗಿದ್ದರು. ನಾವು ಆದಮನ ಸಂತಾನ ಅಂತ. ಆಮೇಲೆ ನನ್ನ ಜೊತೆ ಮಾತೇ ಬಿಟ್ಟರು.”

“ಈಗ ಮಾತಾಡುತ್ತಾರಾ?”

“ಈಗ ಅವರಿಲ್ಲ.”

ಭಾನುವಾರ ಅಂಗಳ ತುಂಬಿತು. ಚಂದ್ರಮೌಳಿ ಮುಂದಿನ ಸಾಲಿನಲ್ಲಿ ಕೂತ. ಅವಧಾನಿಗಳು ಹೇಳಿಕಳಿಸಿದ್ದರಿಂದ ನಸೀಮಾ ಮೇಡಂ ಬಂದಿದ್ದರು. ಅವರ ಸುತ್ತ ಯಾರೂ ನಿಲ್ಲದೆ ಜಾಗ ಖಾಲಿ ಬಿದ್ದಿತ್ತು. ಅವಧಾನಿಗಳೇ ಒಂದು ಮಣೆ ತಂದು ಹಾಕಿ, “ಕೂತ್ಕೊಳ್ಳಿ ತಾಯಿ” ಎಂದರು.

ಪದ್ಮನಾಭ ಎದ್ದು ನಿಂತು ಪೂರ್ವಪಕ್ಷ ಶುರು ಮಾಡಿದ. ಬರಬರುತ್ತ ಅವನ ದನಿ ವೇದ ಹೇಳುವಾಗಿನ ಹಾಗೆ ನೆಟ್ಟಗಾಯಿತು. ಮೂಳೆಗಳ ಮಾತು ಬಂತು. ಕೋಟ್ಯಂತರ ವರ್ಷಗಳ ಹಿಂದಿನ ತಾತನ ಮಾತು ಬಂತು. ಜನರಲ್ಲಿ ಗುಸುಗುಸು ಎದ್ದಿತು.

“ಏನೋ ಇದು, ಅವಳ ಪಾಠವನ್ನೇ ಒಪ್ಪಿಸುತ್ತಿದ್ದಾನಲ್ಲ!” ಎಂದು ಯಾರೋ ಕೂಗಿದರು. ಅವಧಾನಿಗಳು ಕೈ ಎತ್ತಿದರು. ಮಾತು ನಿಂತಿತು.

“ಹೀಗೆ ಜೀವಿಗಳು ಬದುಕಬೇಕು ಅಂತ ತಮ್ಮನ್ನು ತಾವೇ ಬದಲಾಯಿಸಿಕೊಂಡವು” ಎಂದು ಮುಗಿಸಿ ಪದ್ಮನಾಭ ಮೇಡಂ ಕಡೆ ತಿರುಗಿದ. “ಇದೇ ತಾನೇ ನಿಮ್ಮ ಮಾತು?”

“ಇಲ್ಲ.”

ಚಂದ್ರಮೌಳಿ ನಕ್ಕ.

“ಕೊನೆಯದು ತಪ್ಪು” ಎಂದರು ಮೇಡಂ. “ಬೇಕು ಅಂತ ಯಾವ ಜೀವಿಯೂ ಬದಲಾಗುವುದಿಲ್ಲ. ಒಂದೇ ಬಸಿರಿನ ಮರಿಗಳೂ ಒಂದರ ಹಾಗೆ ಒಂದಿರುವುದಿಲ್ಲ. ಯಾವುದು ಬದುಕಿ ಮರಿ ಹಾಕಿತೋ ಅದರ ಗುಣ ಮುಂದಕ್ಕೆ ಹೋಗುತ್ತದೆ. ಅಷ್ಟೇ.”

ಪದ್ಮನಾಭ ಅದನ್ನು ತಿದ್ದಿ ಮತ್ತೆ ಹೇಳಿದ.

“ಹೌದು” ಎಂದರು ಮೇಡಂ. “ಇದೇ ನನ್ನ ಮಾತು.”

“ಸರಿ, ಈಗ ಒಡೆದು ಹಾಕು!” ಚಂದ್ರಮೌಳಿ ತೊಡೆ ತಟ್ಟಿದ.

ಅಂಗಳವೆಲ್ಲ ಪದ್ಮನಾಭನ ಬಾಯಿಯನ್ನೇ ನೋಡುತ್ತಿತ್ತು. ಚಪ್ಪಾಳೆ ಗಿಟ್ಟಿಸುವ ಮಾತುಗಳು ಅವನ ಹತ್ತಿರ ಬೇಕಾದಷ್ಟಿದ್ದವು. ತರಗತಿಯಲ್ಲಿ ಆಡಿದ್ದನ್ನೇ ಇನ್ನೊಮ್ಮೆ ಆಡಿದರೂ ಸಾಕಿತ್ತು. ಗುರುಗಳ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ.

“ನನ್ನ ಹತ್ತಿರ ಖಂಡನೆ ಇಲ್ಲ” ಎಂದ ಪದ್ಮನಾಭ. “ಅವತ್ತು ತರಗತಿಯಲ್ಲಿ ನಾನು ಮಾಡಿದ್ದೂ ಖಂಡನೆಯಲ್ಲ. ಬೈದದ್ದು.”

ಅಂಗಳದಲ್ಲಿ ಗದ್ದಲವೆದ್ದಿತು. ಒಬ್ಬ ಅವನ ಕಡೆ ನುಗ್ಗಿ ಬಂದ. ಅವಧಾನಿಗಳು ಎದ್ದು ನಡುವೆ ನಿಂತರು.

“ನಿಮ್ಮ ಶಿಷ್ಯ ಸೋತ ಸ್ವಾಮೀ!” ಚಂದ್ರಮೌಳಿಯ ಮುಖ ಕೆಂಪಾಗಿತ್ತು. “ಅವಳ ಎದುರು ಸೋತ!”

“ಹೌದು, ಸೋತ. ಎಲ್ಲರೂ ನೋಡಿದಿರಿ” ಎಂದರು ಅವಧಾನಿಗಳು. “ಸೋತ ಪಕ್ಷ ಗೆದ್ದವರನ್ನು ಊರು ಬಿಡಿಸುವ ಪದ್ಧತಿ ನಮ್ಮಲ್ಲಿಲ್ಲ. ಆಕೆಯನ್ನು ಎಬ್ಬಿಸುವುದಾದರೆ ಮೊದಲು ಈ ಪಾಠಶಾಲೆಗೆ ಬೀಗ ಹಾಕಿಸಿ.”

“ನಾಳೆಯಿಂದ ಇಲ್ಲಿಗೆ ಒಂದು ಕಾಳು ಅಕ್ಕಿ ಬರುವುದಿಲ್ಲ.”

“ಬೇಡ.”

ಚಂದ್ರಮೌಳಿ ಹೊರಟ. ಅವನ ಜನ ಹೊರಟರು. ಉಳಿದವರು ಕಾಲೆಳೆದುಕೊಂಡು ಹಿಂದೆ ಹೋದರು. ನಸೀಮಾ ಮೇಡಂ ಮಣೆ ಎತ್ತಿ ಗೋಡೆಗೆ ಒರಗಿಸಿಟ್ಟು, “ನಾಳೆ ಕ್ಲಾಸಿಗೆ ಬಾ” ಎಂದಷ್ಟೇ ಹೇಳಿ ನಡೆದರು.

ಹೊತ್ತು ಇಳಿಯುವಾಗ ಗುರು ಶಿಷ್ಯರಿಬ್ಬರೂ ಹೊಳೆಗೆ ಇಳಿದರು. ಸಂಧ್ಯಾವಂದನೆಯ ಕೊನೆಗೆ ಕಿವಿ ಮುಟ್ಟಿಕೊಂಡು, ತಾನು ಯಾವ ಋಷಿಗಳ ವಂಶದವನು ಎಂದು ಹೇಳಿ ನಮಸ್ಕರಿಸಬೇಕು. ಪದ್ಮನಾಭ ಕೈಗಳನ್ನು ಕಿವಿಯ ತನಕ ಒಯ್ದು ಹಾಗೆಯೇ ನಿಂತ.

“ಯಾಕೆ ನಿಲ್ಲಿಸಿದೆ?”

“ನಾಲಗೆ ಏಳುತ್ತಿಲ್ಲ, ಗುರುಗಳೇ.” ಅವನು ಕೈ ಇಳಿಸಿದ. “ಹೇಳಿದರೆ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಬಿಟ್ಟರೆ ಅಪ್ಪ, ತಾತ, ನೀವು, ಎಲ್ಲರನ್ನೂ ಬಿಟ್ಟ ಹಾಗೆ ಆಗುತ್ತದೆ. ನಾನು ಯಾರ ಮಗ ಅಂತ ಹೇಳಲಿ?”

ಅವಧಾನಿಗಳು ನೀರಿನಲ್ಲಿ ಅವನ ಹತ್ತಿರ ಬಂದು ನಿಂತರು.

“ಋಷಿಯ ಹೆಸರು ಹೇಳು. ಹೇಳಿ, ಅಲ್ಲಿಗೇ ನಿಲ್ಲಬೇಡ. ಆ ಋಷಿಯನ್ನೂ ಒಬ್ಬ ತಾಯಿ ಹೆತ್ತಿದ್ದಳು.”