ಅಜ್ಜಾರ ಕೊರಳು

ಘಟಪ್ರಭೆಯ ದಂಡೆಯ ಮಠದಲ್ಲಿ ಒಬ್ಬ ಗುರುಗಳಿದ್ದರು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಪ್ರವಚನಕ್ಕೆ ಕೂತರೆ ಅವರಿಗೆ ಮೈಕು ಬೇಕಿರಲಿಲ್ಲ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಈಗ ಆ ದನಿ ಇಲ್ಲ. ಕುತ್ತಿಗೆಯ ಥೈರಾಯ್ಡ್ ಗಂಟು ತೆಗೆಯುವಾಗ, ಅದರ ಹಿಂದೆಯೇ ಹಾಯುವ ದನಿಯ ನರಕ್ಕೆ ಪೆಟ್ಟಾಯಿತು. ಉಳಿದದ್ದು ಉಸಿರು ಬೆರೆತ ಪಿಸುಮಾತು.

ಗಂಟು ತೆಗೆದವನು ಚನ್ನವೀರ. ಮಠದ ಅನ್ನ ಉಂಡು, ಓದಿ ಡಾಕ್ಟರಾದವನು. ಉಂಡ ಮನೆಗೆ ಎರಡು ಬಗೆದೆನೆಂದು ಕೊರಗಿ ಅವನು ಆಪರೇಷನ್ ಮಾಡುವುದನ್ನೇ ಬಿಟ್ಟ. ಮಠಕ್ಕೆ ಬಂದು ಕಸ ಗುಡಿಸುತ್ತಿದ್ದ, ನೀರು ಹೊರುತ್ತಿದ್ದ. ಪಾಪ, ಗುರುಗಳ ಮುಖ ನೋಡಲು ಮಾತ್ರ ಅವನಿಂದ ಆಗುತ್ತಿರಲಿಲ್ಲ.

ಒಂದು ಮುಂಜಾನೆ ಅಜ್ಜಾರು ನೀಲವ್ವನನ್ನು ಅವನ ಮುಂದೆ ಕೂರಿಸಿದರು. ಮಠಕ್ಕೆಲ್ಲ ರೊಟ್ಟಿ ಬಡಿಯುವಾಕೆ. ಅವಳ ಕುತ್ತಿಗೆಯಲ್ಲೂ ಅಂಥದೇ ಗಂಟು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಇಕಿ ಗಂಟು ನೀನ ತಗೀಬೇಕು."

ಚನ್ನವೀರ ಹಿಂದೆ ಸರಿದ. "ಬ್ಯಾಡ್ರಿ ಅಜ್ಜಾರ. ಬೆಳಗಾವ್ಯಾಗ ನನಗಿಂತ ಚಲೋ ಡಾಕ್ಟರು ಅದಾರ."

"ಅವರ ಕೈಯಾಗ ನರಕ್ಕ ಪೆಟ್ಟಾಗೂದಿಲ್ಲೇನು?"

"ಅಪರೂಪ್ರಿ. ಆದ್ರೂ ಯಾರ ಕೈಯಾಗಾದ್ರೂ ಆಗಬಹುದು."

"ಹಂಗಾದ್ರ ನೀ ಅಂಜೂದು ಯಾತಕ್ಕ?"

ಚನ್ನವೀರ ನೆಲ ನೋಡುತ್ತ ಹೇಳಿದ.

"ನಿಮ್ಮ ಆಪರೇಷನ್ನಿನ ಹಿಂದಿನ ದಿನ ನೀವು ಕೇಳಿದ್ರಿ, ದನಿಗೆ ತೊಂದರಿ ಇಲ್ಲಲ್ಲಾ ಅಂತ. ಏನೂ ಆಗೂದಿಲ್ರಿ ಅಂದೆ. ಆಗಬಹುದು ಅಂತ ಗೊತ್ತಿತ್ತು. ಹೇಳಿದ್ರ ನೀವು ಒಪ್ಪೂದಿಲ್ಲ ಅಂತ ಮುಚ್ಚಿಟ್ಟೆ."

ಅಜ್ಜಾರು ಒಂದು ಗುಟುಕು ನೀರು ಕುಡಿದರು. ಗಂಟು ತೆಗೆದಾಗಿನಿಂದ ಆಗುವಂತೆ ಅದು ಅಡ್ಡ ಹೋಗಿ ಕೆಮ್ಮು ಹತ್ತಿತು. ಚನ್ನವೀರ ಓಡಿ ಬಂದು ಬೆನ್ನು ಸವರಿದ. ಅವನ ಕಣ್ಣು ತುಂಬಿದ್ದವು.

ಕೆಮ್ಮು ನಿಂತ ಮೇಲೆ ಅಜ್ಜಾರು ನೀಲವ್ವನ ಕಡೆ ತಿರುಗಿದರು. "ನೀ ಏನ ಕೇಳಬೇಕಂದಿದ್ದಿ, ಕೇಳವ್ವಾ."

"ಚನ್ನವೀರಪ್ಪಾ, ನನ್ನ ದನಿ ಉಳಿತೈತೇನಪಾ? ಮಗಳಿಗೆ ಕಣ್ಣಿಲ್ಲ, ನಿನಗ ಗೊತ್ತ ಐತಿ. ನಾ ಎಲ್ಲಿದ್ದೀನಿ ಅನ್ನೂದು ಆಕಿಗೆ ದನೀಲೇ ತಿಳಿಯೂದು."

ಏನೂ ಆಗೂದಿಲ್ಲವ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆ ಮುಖ ನೋಡಿದರೆ ಯಾರಿಗಾದರೂ ಬರುತ್ತಿತ್ತು. ಚನ್ನವೀರ ಅದನ್ನು ನುಂಗಿದ.

"ಉಳಿತೈತಿ ಅಂತ ಆಣಿ ಮಾಡಾಕ ಬರೂದಿಲ್ಲ ಯವ್ವಾ. ಬಹಳ ಮಂದಿಗೆ ಉಳಿತೈತಿ. ಮೊದಲ ಆ ನರ ಹುಡುಕಿ, ಅದನ್ನ ಕಾಯ್ಕೊಂಡು ಗಂಟಿಗೆ ಕೈ ಹಾಕಬೇಕು. ಅಷ್ಟ ಮಾಡಿದ್ರೂ ಹೋದ್ರ ಹೋಗಬಹುದು. ಗಂಟು ಹಂಗ ಬಿಟ್ರ ಉಸಿರಿಗೆ ತ್ರಾಸು."

ನೀಲವ್ವ ಸೆರಗು ಸರಿಮಾಡಿಕೊಳ್ಳುತ್ತ ಯೋಚಿಸಿದಳು.

"ಹಂಗಾದ್ರ ಮೊದಲ ಮಗಳಿಗೆ ಹೇಳ್ತೀನಿ. ನನ್ನ ಕೈಯಾಗಿನ ಬಳಿ ಸಪ್ಪಳದ ಗುರುತು ಹಿಡಿಯೂದು ಈಗಿಂದನ ಕಲೀಲಿ. ಆಮ್ಯಾಲ ಬರ್ತೀನಿ. ನಿನ್ನ ಕಡೇನ ಬರ್ತೀನಿ."

ಅವಳು ಎದ್ದು ಅಡುಗೆಮನೆಗೆ ಹೋದಳು. ಚನ್ನವೀರ ಗುರುಗಳ ಪಾದ ಹಿಡಿದ.

"ನಿಮಗೂ ಅವತ್ತು ಹಿಂಗ ಹೇಳಬೇಕಿತ್ತು ಅಜ್ಜಾರ."

ಅಜ್ಜಾರು ಅವನ ತಲೆಯ ಮೇಲೆ ಕೈಯಿಟ್ಟರು. ಪಿಸುಮಾತು ಕೇಳಲು ಅವನು ಕಿವಿಯನ್ನು ಅವರ ಬಾಯಿಯ ಹತ್ತಿರ ತರಬೇಕಾಯಿತು.

"ಹೇಳಿದ್ರೂ ನಿನ್ನ ಕೈಗೇ ಕೊರಳು ಕೊಡತಿದ್ದೆ, ಮಗನ. ಮಂದಿಗೆ ಹೇಳೂವಂಥಾ ನಾಕು ಮಾತಿದ್ದುವು. ಅವನ್ನ ಹೇಳಿ ಬರತಿದ್ದೆ."