ಮೂರು ದೇಶದ ಕಡುಬು

ಬಂದರಿನ ಸಾಹುಕಾರ ವೆಂಕಪಯ್ಯನವರ ಮನೆಗೆ ಚೀನಾ, ತುರ್ಕಿ, ಇಟಲಿಯಿಂದ ಮೂವರು ವರ್ತಕರು ಬಂದಿಳಿದರು.

"ಸಂಜೆಗೆ ಅವರವರ ದೇಶದ ಹಬ್ಬದಡುಗೆ ಆಗಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದು ಸಾಹುಕಾರರು ಅಡುಗೆಯ ದುಗ್ಗಮ್ಮನನ್ನು ಗದರಿದರು.

ಊರ ಗಡಿಯನ್ನೇ ದಾಟದ ದುಗ್ಗಮ್ಮ ಅತಿಥಿಗಳ ಮುಂದೆ ಹಿಟ್ಟಿನ ಉಂಡೆಗಳನ್ನಿಟ್ಟು, "ನಿಮ್ಮಮ್ಮ ಹೇಗೆ ಮಾಡ್ತಿದ್ರು?" ಎಂದು ಸನ್ನೆಯಲ್ಲೇ ಕೇಳಿದಳು. ಮೂವರೂ ಉಂಡೆ ತಟ್ಟಿ, ಹೂರಣವಿಟ್ಟಂತೆ ನಟಿಸಿ, ಮಡಚಿ ಅಂಚು ಒತ್ತಿದರು. ದುಗ್ಗಮ್ಮನಿಗೆ ಮೈ ಜುಮ್ಮೆಂದಿತು. ಅವಳ ಅಮ್ಮನ ಕೈಯೂ ಹಾಗೇ ಆಡುತ್ತಿತ್ತು!

ಸಂಜೆ ಒಂದೇ ಪಾತ್ರೆಯಲ್ಲಿ ಬೆಂದ ಕಡುಬನ್ನು ಎಲ್ಲರಿಗೂ ಬಡಿಸಿದಳು. ಮೂವರೂ ತಮ್ಮ ತಮ್ಮ ಭಾಷೆಯಲ್ಲಿ ಏನೋ ಉದ್ಗರಿಸಿ, ಎದೆಯ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡರು.

ಸಾಹುಕಾರರು ದಂಗಾದರು. "ಮೂರು ದೇಶದ ಅಡುಗೆ ಎಲ್ಲಿ ಕಲಿತೆ ಮಾರಾಯ್ತಿ?"

"ಕಡುಬು ಒಂದೇ, ಧಣಿ. ಅಮ್ಮಂದಿರು ಮಾತ್ರ ಬೇರೆ ಬೇರೆ."