ಮೂರು ಮನೆಯ ಬೆಕ್ಕು

ಹೂ ಕಟ್ಟಿ ಮಾರುವ ಸೆವ್ರಿನ್ ಬಾಯಿಯ ಗಂಡುಬೆಕ್ಕಿಗೆ ಮೂತ್ರ ಕಟ್ಟುವ ಕಾಯಿಲೆ. "ಪಥ್ಯದ ಆಹಾರದಲ್ಲೇ ಕಡಿಮೆ ಬೆಲೆಯದು ಸಾಕು. ನೀರು ಬೆರೆಸಿ ಕೊಡಿ, ಬೇರೇನೂ ಬೇಡ," ಎಂದರು ಡಾಕ್ಟರು. ಅವಳು ಹಾಗೇ ಕೊಟ್ಟಳು. ಬೆಕ್ಕು ಅದನ್ನು ಮುಗಿಸಿ, ಅಕ್ಕಪಕ್ಕದ ಎರಡು ಮನೆಗಳಲ್ಲಿ ಹಸಿದ ಮುಖ ಮಾಡಿ ಉಪ್ಪಿನ ಒಣಮೀನು ತಿಂದು ಬರುತ್ತಿತ್ತು. ಕಾಯಿಲೆ ಮರುಕಳಿಸಿತು.

"ಅಗ್ಗದ್ದು ತಂದು ನಿನ್ನನ್ನು ನರಳಿಸಿದೆನಲ್ಲಪ್ಪಾ," ಎಂದು ಸೆವ್ರಿನ್ ಬಾಯಿ ಅದರ ಬೆನ್ನು ಸವರುತ್ತ ಕಣ್ಣೊರೆಸಿಕೊಂಡಳು. ಮರುದಿನ ದುಬಾರಿ ಪೊಟ್ಟಣ ಬಂತು. ಅವಳ ತಟ್ಟೆಯಲ್ಲಿ ಬರೀ ಗಂಜಿ ಉಳಿಯಿತು.

ಕಾಂಪೌಂಡಿನ ಮೇಲೆ ಕೂತ ಕಾಗೆ ಇದೆಲ್ಲ ನೋಡಿತ್ತು. "ಮಹಾರಾಯ, ನೀನು ಉಣ್ಣುವುದು ಮೂರು ಮನೆಯಲ್ಲಿ. ನರಳುವುದು ಮಾತ್ರ ಇದೊಂದೇ ಮನೆಯಲ್ಲಿ ಯಾಕೆ?" ಎಂದು ಕೇಳಿತು.

"ಅಲ್ಲಿ ನರಳಿದರೆ ಮೀನು ಹಾಕುವುದನ್ನು ನಿಲ್ಲಿಸಿಬಿಡುತ್ತಾರಲ್ಲ!" ಎಂದಿತು ಬೆಕ್ಕು. ಹೇಳಿ ಮುಗಿಸುವಷ್ಟರಲ್ಲಿ ತನ್ನ ಮಾತು ತನಗೇ ಕಹಿಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಣಮೀನಿನ ತಲೆ ಹಿಡಿದು "ಬಾ, ಬಾ" ಎಂದು ಕರೆದಳು. ಬೆಕ್ಕು ಎದ್ದು ಹೋಯಿತು. ಬಾಯಲ್ಲಿ ನೀರೂರಿದರೂ ಮೀನು ಮುಟ್ಟದೆ ಅವಳ ಕಾಲ ಬಳಿ ಮುದುರಿ ಕೂತು, ಆ ಮನೆಯಲ್ಲಿ ಮೊದಲ ಸಲ ನರಳಿತು.